ಕಣ್ಣಿನಿಂದ ಕೇಳಿಸಿಕೊಂಡ ಆಲ್ಬಮ್

ಅಮೆರಿಕದ ರಾಕ್ ಸಂಗೀತ ಪತ್ರಿಕೆ ‘ಕ್ರೀಮ್’ 1973ನೇ ಸಾಲಿಗೆ ನಡೆಸಿದ ಓದುಗರ ಮತದಾನದಲ್ಲಿ ಒಂದು ವಿಚಿತ್ರ ನಡೆಯಿತು. ವರ್ಷದ ಅತ್ಯುತ್ತಮ ಹೊಸ ತಂಡ ಯಾವುದು ಎಂಬ ಪ್ರಶ್ನೆಗೆ ಬಂದ ಉತ್ತರ ನ್ಯೂಯಾರ್ಕ್ ಡಾಲ್ಸ್. ಅತಿ ಕೆಟ್ಟ ಹೊಸ ತಂಡ ಯಾವುದು ಎಂಬ ಪ್ರಶ್ನೆಗೂ ಅದೇ ಹೆಸರು. ಒಂದೇ ಪತ್ರಿಕೆಯ ಓದುಗರು, ಒಂದೇ ಐದು ಮಂದಿ ಹುಡುಗರನ್ನು ಒಂದು ಕೈಯಲ್ಲಿ ಹೊತ್ತು ಮೆರೆಸಿ ಇನ್ನೊಂದು ಕೈಯಲ್ಲಿ ಹೊರಗೆ ದಬ್ಬಿದ್ದರು.

ಆ ವರ್ಷದ ಜುಲೈ 27ರಂದು ಮರ್ಕ್ಯುರಿ ರೆಕಾರ್ಡ್ಸ್ ಈ ತಂಡದ ಮೊದಲ ಆಲ್ಬಮ್ ಹೊರತಂದಿತ್ತು. ತಂಡದ ಹೆಸರೇ ಆಲ್ಬಮ್ಮಿನ ಹೆಸರು, ಒಟ್ಟು 11 ಹಾಡು. ಬಿಲ್‌ಬೋರ್ಡ್ ಪಟ್ಟಿಯಲ್ಲಿ 116ನೇ ಸ್ಥಾನಕ್ಕಿಂತ ಮೇಲೆ ಏರಲಿಲ್ಲ. ಒಂದು ಲಕ್ಷ ಪ್ರತಿಗಳನ್ನು ದಾಟಿ ಮಾರಾಟವಾಯಿತಾದರೂ, ಕಂಪನಿ ಅಷ್ಟೊಂದು ಗದ್ದಲ ಎಬ್ಬಿಸಿ ಬಿಟ್ಟ ಆಲ್ಬಮ್ಮಿಗೆ ಅದು ಸೋಲೇ. ಐವತ್ತು ವರ್ಷ ದಾಟಿದ ಮೇಲೆ ಈಗ ಅದೇ ಆಲ್ಬಮ್ ರಾಕ್ ಚರಿತ್ರೆಯ ದೊಡ್ಡ ಕೃತಿಗಳ ಸಾಲಿನಲ್ಲಿ ಕೂತಿದೆ. ಹಾಡು ಬದಲಾಗಿಲ್ಲ, ಕೇಳುವ ಕಿವಿಯೂ ಅಷ್ಟೇನೂ ಬದಲಾಗಿಲ್ಲ. ನನಗೆ ಅನ್ನಿಸುವುದು ಇಷ್ಟು: 1973ರಲ್ಲಿ ಈ ಆಲ್ಬಮ್ಮನ್ನು ಹೆಚ್ಚಿನ ಜನ ಕಿವಿಯಿಂದ ಕೇಳಲೇ ಇಲ್ಲ. ಕಣ್ಣಿನಿಂದ ಕೇಳಿ, ಅಲ್ಲಿಯೇ ತೀರ್ಪು ಕೊಟ್ಟು ಎದ್ದುಹೋದರು.

ಆಲ್ಬಮ್ಮಿನ ಹೊರಕವಚವನ್ನು ಒಮ್ಮೆ ನೋಡಿದರೆ ಜನರ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ಕಷ್ಟ. ತೋಶಿ ಮಾತ್ಸುವೋ ತೆಗೆದ ಕಪ್ಪುಬಿಳುಪು ಫೋಟೊ. ಒಂದು ಬಿಳಿ ಸೋಫಾ, ಅದರ ಮೇಲೆ ಪಕ್ಕಪಕ್ಕಕ್ಕೆ ಐದು ಮಂದಿ ಗಂಡಸರು. ಎತ್ತರದ ಹಿಮ್ಮಡಿಯ ಚಪ್ಪಲಿ, ಮುಖಕ್ಕೆ ದಟ್ಟ ಬಣ್ಣ, ತುಟಿಗೆ ಲಿಪ್‌ಸ್ಟಿಕ್, ಕೆದರಿ ಉಬ್ಬಿಸಿದ ಕೂದಲು. ಗಾಯಕ ಡೇವಿಡ್ ಜೊಹಾನ್ಸನ್ ಹೆಂಗಸರ ಪುಟ್ಟ ಮೇಕಪ್ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತಿದ್ದಾನೆ. ಗಿಟಾರ್ ನುಡಿಸುವ ಸಿಲ್ವೇನ್ ಸಿಲ್ವೇನ್ ಕಾಲಿಗೆ ಉರುಳುಗಾಲಿ ಸ್ಕೇಟ್ಸ್ ಕಟ್ಟಿಕೊಂಡಿದ್ದಾನೆ. ಇನ್ನೊಬ್ಬ ಗಿಟಾರಿಸ್ಟ್ ಜಾನಿ ಥಂಡರ್ಸ್ ಕ್ಯಾಮೆರಾವನ್ನೇ ಕೆಣಕುವಂತೆ ದುರುಗುಟ್ಟುತ್ತಿದ್ದಾನೆ. ಮೇಲೆ ತಂಡದ ಹೆಸರು ಗುಲಾಬಿ ಬಣ್ಣದಲ್ಲಿ, ಲಿಪ್‌ಸ್ಟಿಕ್ ಕಡ್ಡಿಯಿಂದ ಗೀಚಿದ ಹಾಗೆ. ಕಂಪನಿಯವರು ಮೊದಲು ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಬೇರೆ ಫೋಟೊ ತೆಗೆಸಿದ್ದರು. ಹುಡುಗರು ಅದನ್ನು ಒಪ್ಪದೆ ತಾವೇ ಮುಂದೆ ನಿಂತು ಈ ಚಿತ್ರ ಮಾಡಿಸಿದರು. ಅಂದರೆ ಇದು ಕಂಪನಿಯ ಮಾರಾಟ ವಿಭಾಗ ಹೂಡಿದ ಗಿಮಿಕ್ ಅಲ್ಲ. ತಾವು ಹೀಗೆ ಕಾಣಬೇಕು ಎಂದು ಅವರೇ ಹಟ ಹಿಡಿದಿದ್ದರು.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟಿದ ಕಲಾವಿದ ತನ್ನೊಳಗಿನ ಗಂಡಸನ್ನು ಪ್ರೇಕ್ಷಕರು ಮರೆಯುವಂತೆ ಮಾಡುತ್ತಾನೆ; ಅದೇ ಅವನ ಹೆಚ್ಚುಗಾರಿಕೆ. ಡಾಲ್ಸ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹೆಣ್ಣಾಗಿ ಕಾಣುವ ಉದ್ದೇಶ ಅವರಿಗೆ ಇರಲೇ ಇಲ್ಲ. ರಸ್ತೆಯ ಪುಂಡ ಹುಡುಗರಾಗಿಯೇ ಉಳಿದು, ಅಕ್ಕನ ಪೆಟ್ಟಿಗೆಯಿಂದ ಕದ್ದು ತಂದಂತಿದ್ದ ಬಣ್ಣ, ಬಟ್ಟೆ ತೊಟ್ಟರು. ಲಂಡನ್ನಿನಲ್ಲಿ ಮಾರ್ಕ್ ಬೋಲನ್ ಮಿನುಗು ಹಚ್ಚಿಕೊಂಡಾಗ, ಡೇವಿಡ್ ಬೋವಿ 1972ರಲ್ಲಿ ಬೇರೆ ಲೋಕದಿಂದ ಇಳಿದುಬಂದ ಜಿಗ್ಗಿ ಸ್ಟಾರ್‌ಡಸ್ಟ್ ಆದಾಗ ಜನ ಅದನ್ನು ನಾಟಕವೆಂದು ಒಪ್ಪಿಕೊಂಡರು. ಬೋವಿಯ ಪಾತ್ರಕ್ಕೆ ಒಂದು ಕಥೆ ಇತ್ತು, ವಿನ್ಯಾಸ ಇತ್ತು. ಡಾಲ್ಸ್‌ಗೆ ಅಂಥ ಯಾವ ನೆಪವೂ ಇರಲಿಲ್ಲ. ಅವರು ಹಾಡುತ್ತಿದ್ದುದು ಹುಡುಗಿಯರ ಬಗ್ಗೆ. ಆದರೂ ಆ ಫೋಟೊ ನೋಡಿದ ಬಹುಪಾಲು ಅಮೆರಿಕನ್ನರು ಇವರನ್ನು ಸಲಿಂಗಪ್ರೇಮಿಗಳೆಂದು ತೀರ್ಮಾನಿಸಿ, ಹಾಗೆ ತೀರ್ಮಾನಿಸಿದ್ದೇ ಕಾರಣವಾಗಿ ಆಲ್ಬಮ್ಮನ್ನು ಮುಟ್ಟಲಿಲ್ಲ. ಸ್ಟೋನ್‌ವಾಲ್ ಗಲಭೆ ನಡೆದು ಆಗ ಇನ್ನೂ ನಾಲ್ಕೇ ವರ್ಷ. ಡಾಲ್ಸ್ ಹೆಸರು ಮಾಡಿದ ಗ್ರೀನಿಚ್ ವಿಲೇಜ್ ಬಡಾವಣೆಯಲ್ಲೇ ಅದು ನಡೆದದ್ದು. ಅಲ್ಲಿ ತುಸು ಗಾಳಿಯಾಡತೊಡಗಿತ್ತು. ಉಳಿದ ದೇಶದಲ್ಲಿ ಕಿಟಕಿ ಇನ್ನೂ ಭದ್ರವಾಗಿ ಮುಚ್ಚಿತ್ತು.

ಈ ಹುಡುಗರು ಎಲ್ಲಿಯವರು ಎಂಬುದು ಅವರ ಸಂಗೀತಕ್ಕೆ ನೇರ ಸಂಬಂಧಪಟ್ಟ ಸಂಗತಿ. ಹೆಸರಿನಲ್ಲಿ ನ್ಯೂಯಾರ್ಕ್ ಇದ್ದರೂ ಒಬ್ಬನೂ ಮ್ಯಾನ್‌ಹ್ಯಾಟನ್ನಿನ ಶ್ರೀಮಂತ ಬೀದಿಯವನಲ್ಲ. ಜೊಹಾನ್ಸನ್ ಸ್ಟಾಟನ್ ದ್ವೀಪದವನು. ಜಾನಿ ಥಂಡರ್ಸ್ ಕ್ವೀನ್ಸ್‌ನ ಇಟಾಲಿಯನ್ ಮನೆತನದ ಹುಡುಗ, ಹುಟ್ಟುಹೆಸರು ಜಾನ್ ಜೆಂಜಾಲೆ. ಬಾಸ್ ಗಿಟಾರ್ ಹಿಡಿದ ಎತ್ತರದ ಆರ್ಥರ್ ಕೇನ್ ಬ್ರಾಂಕ್ಸ್‌ನವನು. ಸಿಲ್ವೇನ್ ಹುಟ್ಟಿದ್ದು ಈಜಿಪ್ಟಿನ ಕೈರೋದಲ್ಲಿ. ಸೂಯೆಜ್ ಬಿಕ್ಕಟ್ಟಿನ ನಂತರ ಅಲ್ಲಿಂದ ಹೊರಬೀಳಬೇಕಾದ ಯಹೂದಿ ಕುಟುಂಬದ ಮಗು ಅವನು. ಮೊದಲ ಡ್ರಮ್ಮರ್ ಬಿಲ್ಲಿ ಮುರ್ಸಿಯಾ ಕೊಲಂಬಿಯಾದ ಬೊಗೊಟಾದಲ್ಲಿ ಹುಟ್ಟಿದವನು. ಸಿಲ್ವೇನ್ ಮತ್ತು ಮುರ್ಸಿಯಾ ಸ್ವೆಟರ್ ಹೆಣೆಸಿ ಮಾರುವ ಸಣ್ಣ ವ್ಯಾಪಾರ ನಡೆಸಿದ್ದರು. ಬಟ್ಟೆ ಅಂಗಡಿಯಲ್ಲಿ ಕೆಲಸವನ್ನೂ ಮಾಡಿದ್ದರು. ಆ ಅಂಗಡಿಯ ಎದುರಿಗೇ, ಲೆಕ್ಸಿಂಗ್‌ಟನ್ ಅವೆನ್ಯೂದಲ್ಲಿ, ಮುರಿದ ಗೊಂಬೆಗಳನ್ನು ರಿಪೇರಿ ಮಾಡಿಕೊಡುವ ‘ನ್ಯೂಯಾರ್ಕ್ ಡಾಲ್ ಹಾಸ್ಪಿಟಲ್’ ಎಂಬ ಅಂಗಡಿಯಿತ್ತು. ತಂಡದ ಹೆಸರು ಬಂದದ್ದು ಆ ಬೋರ್ಡಿನಿಂದ. ಬಟ್ಟೆಯ ಮೇಲೆ ಅವರಿಗಿದ್ದ ಪ್ರೀತಿ ಶೋಕಿಯಷ್ಟೇ ಆಗಿರಲಿಲ್ಲ; ದರ್ಜಿಯ ಕಣ್ಣು ಅವರಿಗಿತ್ತು.

1971ರ ಕ್ರಿಸ್‌ಮಸ್ ಹಿಂದಿನ ರಾತ್ರಿ ನೆಲೆಯಿಲ್ಲದವರು ಉಳಿದುಕೊಳ್ಳುತ್ತಿದ್ದ ಒಂದು ಹೋಟೆಲಿನಲ್ಲಿ ತಂಡ ಮೊದಲ ಬಾರಿ ನುಡಿಸಿತು. ಮರುವರ್ಷ ಮರ್ಸರ್ ಆರ್ಟ್ಸ್ ಸೆಂಟರಿನ ಆಸ್ಕರ್ ವೈಲ್ಡ್ ಹೆಸರಿನ ಕೋಣೆಯಲ್ಲಿ ಮಂಗಳವಾರಗಳಂದು ಕಾರ್ಯಕ್ರಮ ಶುರುವಾಯಿತು. ಹಳೆಯ ಬ್ರಾಡ್‌ವೇ ಸೆಂಟ್ರಲ್ ಹೋಟೆಲಿನ ಹಿಂಭಾಗವನ್ನು ನಾಟಕ, ವಿಡಿಯೊ ಕಲೆಗಳಿಗೆಂದು ಒಗ್ಗಿಸಿ ಮಾಡಿದ್ದ ಜಾಗ ಅದು. ಅಲ್ಲಿ ನೋಡಲು ಬಂದವರೂ ವೇದಿಕೆಯ ಮೇಲಿದ್ದವರಷ್ಟೇ ಸಿಂಗರಿಸಿಕೊಂಡು ಬರುತ್ತಿದ್ದರು. ಬೋವಿಯೂ ಬಂದು ನೋಡಿಹೋದ. ರೆಕಾರ್ಡ್ ಕಂಪನಿಗಳವರು ಬಂದರು, ನೋಡಿದರು, ಮೂಗು ಮುರಿದು ಹೋದರು. ನುಡಿಸುವುದು ಬರುವುದಿಲ್ಲ ಎಂದು ಕೆಲವರು; ಇವರನ್ನು ಯಾವ ಊರಿನಲ್ಲಿ ಮಾರುವುದು ಎಂದು ಇನ್ನು ಕೆಲವರು.

ಆ ಅಕ್ಟೋಬರಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ರಾಡ್ ಸ್ಟೀವರ್ಟ್ ಕಾರ್ಯಕ್ರಮಕ್ಕೆ ಮುಂಚೆ ನುಡಿಸುವ ಅವಕಾಶ ಸಿಕ್ಕಿತು. ಆಲ್ಬಮ್ಮೇ ಇಲ್ಲದ ತಂಡಕ್ಕೆ ಅದು ಊಹೆಗೆ ಮೀರಿದ ಭಾಗ್ಯ. ಕೆಲವೇ ದಿನಗಳಲ್ಲಿ, ನವೆಂಬರ್ 6ರಂದು, ಲಂಡನ್ನಿನ ಒಂದು ಪಾರ್ಟಿಯಲ್ಲಿ ಮಾತ್ರೆ, ಮದ್ಯ ಸೇರಿ ಬಿಲ್ಲಿ ಮುರ್ಸಿಯಾ ಪ್ರಜ್ಞೆ ತಪ್ಪಿದ. ಸುತ್ತ ಇದ್ದವರು ಹೆದರಿ, ಅವನನ್ನು ಸ್ನಾನದ ತೊಟ್ಟಿಗೆ ಹಾಕಿ ಎಚ್ಚರಿಸಲು ಕಾಫಿ ಸುರಿದರು. ಉಸಿರುಗಟ್ಟಿ ಸತ್ತ. ವಯಸ್ಸು 21. ಕಾಗದಕ್ಕೆ ಸಹಿ ಬೀಳುವ ಮೊದಲೇ ಒಬ್ಬನನ್ನು ಕಳೆದುಕೊಂಡ ತಂಡ ಊರಿಗೆ ಮರಳಿ ಬ್ರೂಕ್ಲಿನ್ನಿನ ಜೆರ್ರಿ ನೋಲನ್‌ನನ್ನು ಡ್ರಮ್ಸ್‌ಗೆ ಕೂರಿಸಿಕೊಂಡಿತು. ನೋಲನ್ ಕೈಯಲ್ಲಿ ಲಯ ಗಟ್ಟಿಯಾಗಿತ್ತು. ಆಲ್ಬಮ್ಮಿನಲ್ಲಿ ಗಿಟಾರುಗಳು ದಿಕ್ಕು ತಪ್ಪಿ ಓಡಿದಾಗಲೂ ಹಾಡು ಬೀಳದಿರುವುದಕ್ಕೆ ಅವನೇ ಕಾರಣ.

ಮರ್ಕ್ಯುರಿ ಕಂಪನಿಯಲ್ಲಿ ಪಾಲ್ ನೆಲ್ಸನ್ ಎಂಬುವನಿದ್ದ. ಮೂಲತಃ ಸಂಗೀತ ವಿಮರ್ಶಕ. ಹೊಸ ಕಲಾವಿದರನ್ನು ಗುರುತಿಸುವ ಕೆಲಸಕ್ಕೆ ಸೇರಿದ್ದ. ಮೇಲಿನವರ ವಿರೋಧ ಕಟ್ಟಿಕೊಂಡು ಈ ತಂಡವನ್ನು ಕಂಪನಿಗೆ ತಂದವನು ಅವನು. ರಾಕ್ ಚರಿತ್ರೆ ಬರೆಯುವವರು ಗಾಯಕರನ್ನು ನೆನೆಯುತ್ತಾರೆ, ನಿರ್ಮಾಪಕರನ್ನು ನೆನೆಯುತ್ತಾರೆ. ಇಂಥ ಒಬ್ಬ ಹಟಮಾರಿ ಉದ್ಯೋಗಿ ಇಲ್ಲದಿದ್ದರೆ ಎಷ್ಟು ಆಲ್ಬಮ್‌ಗಳು ಹುಟ್ಟುತ್ತಲೇ ಇರಲಿಲ್ಲ ಎಂಬುದನ್ನು ಯಾರೂ ಬರೆಯುವುದಿಲ್ಲ. ಅದಕ್ಕೆ ಇಲ್ಲಿ ಅವನ ಹೆಸರು ಬರೆಯುವುದು ನನಗೆ ಮುಖ್ಯ.

ನಿರ್ಮಾಪಕನಾಗಿ ಬಂದವನು ಟಾಡ್ ರಂಡ್‌ಗ್ರೆನ್. ಸ್ಟುಡಿಯೊದಲ್ಲಿ ಒಬ್ಬನೇ ಕೂತು ಎಲ್ಲ ವಾದ್ಯ ನುಡಿಸಿ, ಪದರದ ಮೇಲೆ ಪದರ ಇಟ್ಟು ಹಾಡು ಕಟ್ಟುವ ಕಸುಬುದಾರ. ಡಾಲ್ಸ್ ಪೂರ್ತಿ ಇನ್ನೊಂದು ತುದಿ. 1973ರ ಏಪ್ರಿಲ್‌ನಲ್ಲಿ, ಅದೇ ನಗರದ ಇನ್ನೊಂದು ಮೂಲೆಯಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಅವಳಿ ಗೋಪುರಗಳ ಉದ್ಘಾಟನೆಯಾದ ತಿಂಗಳಲ್ಲಿ, ರೆಕಾರ್ಡ್ ಪ್ಲಾಂಟ್ ಸ್ಟುಡಿಯೊದಲ್ಲಿ ಕೆಲಸ ನಡೆಯಿತು. ಎಂಟು ದಿನ, 17,000 ಡಾಲರ್ ಖರ್ಚು. ಧ್ವನಿಮುದ್ರಣದ ಎಂಜಿನಿಯರ್ ಜಾಕ್ ಡಗ್ಲಸ್. ಮುಂದೆ ಏರೋಸ್ಮಿತ್ ಆಲ್ಬಮ್‌ಗಳ ನಿರ್ಮಾಪಕನಾಗಿ ಹೆಸರಾದವನು. ಸ್ಟುಡಿಯೊ ತುಂಬ ಗೆಳೆಯರು, ಗೆಳತಿಯರು, ಪತ್ರಿಕೆಯವರು. ಕೆಲಸಕ್ಕಿಂತ ಜಾತ್ರೆ ಹೆಚ್ಚು. ಮಿಕ್ಸಿಂಗ್ ಕೆಲವೇ ಗಂಟೆಗಳಲ್ಲಿ ಮುಗಿಯಿತು. ರಂಡ್‌ಗ್ರೆನ್ ಮಿಕ್ಸಿಂಗ್ ಕೆಡಿಸಿಬಿಟ್ಟ ಎಂದು ಥಂಡರ್ಸ್ ಪತ್ರಕರ್ತರ ಎದುರು ಬಾಯಿಗೆ ಬಂದಂತೆ ಬೈದ. ಈ ವಾದ ಅಭಿಮಾನಿಗಳ ನಡುವೆ ಇನ್ನೂ ತಣ್ಣಗಾಗಿಲ್ಲ.

ನಾನು ರಂಡ್‌ಗ್ರೆನ್ ಪರ. ಮೊದಲ ಹಾಡು ‘ಪರ್ಸನಾಲಿಟಿ ಕ್ರೈಸಿಸ್’ ತೆಗೆದುಕೊಳ್ಳಿ. ಎರಡು ಗಿಟಾರು ಒಟ್ಟಿಗೆ ನುಗ್ಗುತ್ತವೆ. ಒಂದು ತಾಳಕ್ಕೆ ಅಂಟಿಕೊಂಡು ಕುಟ್ಟುತ್ತದೆ. ಥಂಡರ್ಸ್‌ನದು ತಂತಿಯನ್ನು ಎಳೆದು ಎಳೆದು, ಸ್ವರ ಇನ್ನೇನು ಜಾರಿತು ಎನ್ನುವಷ್ಟರಲ್ಲಿ ಹಿಡಿದು ತರುತ್ತದೆ. ಹಿಂದೆ ಪಿಯಾನೊದ ಮೇಲಿನ ಕೀಲಿಗಳನ್ನು ಯಾರೋ ಮುಷ್ಟಿಯಲ್ಲಿ ಬಡಿದ ಹಾಗೆ ಒಂದೇ ಸಮ ಟಣಟಣ. ಈ ಗದ್ದಲದ ಮೇಲೆ ಜೊಹಾನ್ಸನ್‌ನ ಒರಟು ಗಂಟಲು ಹತ್ತಿ ಕೂರುತ್ತದೆ. ಹಾಡಿನ ನಡುವೆ ಒಂದು ಕಡೆ ವಾದ್ಯಗಳೆಲ್ಲ ತಟಕ್ಕನೆ ನಿಲ್ಲುತ್ತವೆ. ಅರೆಕ್ಷಣ ಏನೂ ಇಲ್ಲ. ಆಮೇಲೆ ಎಲ್ಲವೂ ಮತ್ತೆ ಒಟ್ಟಿಗೆ ಬಂದು ಬೀಳುತ್ತದೆ. ನುಡಿಸಲು ಬಾರದವರಿಂದ ಈ ನಿಲುಗಡೆ ಸಾಧ್ಯವಿಲ್ಲ. ಪ್ರತಿ ವಾದ್ಯವನ್ನೂ ಬಿಡಿಸಿ ತೊಳೆದು ಇಟ್ಟಿದ್ದರೆ ಈ ನೂಕುನುಗ್ಗಲು ಸತ್ತೇ ಹೋಗುತ್ತಿತ್ತು. ಡಾಲ್ಸ್ ಮರ್ಸರ್ ಕೋಣೆಯಲ್ಲಿ ಹೇಗಿದ್ದರೋ ಅದಕ್ಕೆ ಆದಷ್ಟು ಹತ್ತಿರವಾಗಿ ಅವರನ್ನು ಹಿಡಿದು, ಬೇಕಾದಲ್ಲಿ ತುಸು ಪಿಯಾನೊ, ತುಸು ಸಿಂಥಸೈಜರ್ ಸೇರಿಸಿ ರಂಡ್‌ಗ್ರೆನ್ ಕೈ ತೆಗೆದ.

ಬಣ್ಣದ ಕೆಳಗೆ ಇದ್ದ ಸಂಗೀತ ಹೊಸದೇ ಅಲ್ಲ. ಇದನ್ನು ಅಂದಿನ ನಿಂದಕರೂ ಗಮನಿಸಲಿಲ್ಲ, ಅಂದಿನ ಭಕ್ತರಲ್ಲೂ ಹಲವರು ಗಮನಿಸಲಿಲ್ಲ. ಆಗ ರಾಕ್ ತಂಡಗಳು ಇಪ್ಪತ್ತು ನಿಮಿಷದ ಹಾಡು ಕಟ್ಟುತ್ತಿದ್ದ, ಗಿಟಾರ್ ಒಂಟಿವಾದನ ಮುಗಿಯುವುದೇ ಇಲ್ಲ ಎನ್ನಿಸುತ್ತಿದ್ದ ಕಾಲ. ಡಾಲ್ಸ್ ಹಿಂದಕ್ಕೆ, ತಮ್ಮ ಬಾಲ್ಯದ ಟ್ರಾನ್ಸಿಸ್ಟರ್ ರೇಡಿಯೊಗೆ ಹೋದರು. ‘ಪಿಲ್ಸ್’ ಬೋ ಡಿಡ್ಲಿ 1961ರಲ್ಲಿ ಹಾಡಿದ ಹಾಡು. ‘ಲುಕಿಂಗ್ ಫಾರ್ ಎ ಕಿಸ್’ ಶುರುವಾಗುವುದೇ ಶಾಂಗ್ರಿ-ಲಾಸ್ ಎಂಬ ಹುಡುಗಿಯರ ತಂಡದ 1964ರ ಹಾಡೊಂದರ ಆರಂಭದ ಮಾತನ್ನು ಎತ್ತಿಕೊಂಡು. ಕ್ವೀನ್ಸ್‌ನ ಆ ಹದಿಹರೆಯದ ಹುಡುಗಿಯರು ಹಾಡಿದ ಅಳು, ಹಟ, ಪ್ರೇಮ, ಮೋಟರ್‌ಸೈಕಲ್ ಅಪಘಾತಗಳ ಪುಟ್ಟ ನಾಟಕಗಳನ್ನು ಗಂಭೀರ ರಾಕ್ ಕೇಳುಗರು ತಿರಸ್ಕಾರದಿಂದ ಬದಿಗೆ ಸರಿಸಿದ್ದರು. ಡಾಲ್ಸ್ ಅವನ್ನು ಪ್ರೀತಿಯಿಂದ ಎತ್ತಿಕೊಂಡರು. ಅವರು ನಿಜವಾಗಿ ಹುಡುಗಿಯರಿಂದ ಪಡೆದದ್ದು ಲಿಪ್‌ಸ್ಟಿಕ್ ಅಲ್ಲ, ಈ ಹಾಡಿನ ಧಾಟಿ.

‘ಲೋನ್ಲಿ ಪ್ಲಾನೆಟ್ ಬಾಯ್’ ಅಕೂಸ್ಟಿಕ್ ಗಿಟಾರಿನ ಮೇಲೆ, ಸ್ಯಾಕ್ಸೋಫೋನ್ ಜೊತೆಗೆ ಹೆಚ್ಚುಕಮ್ಮಿ ಪಿಸುಮಾತಿನಲ್ಲಿ ಸಾಗುವ ಒಂಟಿತನದ ಹಾಡು. ಕವಚ ನೋಡಿ ಓಡಿದವರು ಇದನ್ನು ಖಂಡಿತ ಕೇಳಿರಲಾರರು. ‘ವಿಯೆಟ್ನಮೀಸ್ ಬೇಬಿ’ ಪ್ರೇಮದ ನಡುವೆ ಯುದ್ಧದ ಪಾಪಪ್ರಜ್ಞೆಯನ್ನು ತಂದು ನಿಲ್ಲಿಸುತ್ತದೆ. ಅಮೆರಿಕ ವಿಯೆಟ್ನಾಂ ಒಪ್ಪಂದಕ್ಕೆ ಸಹಿ ಹಾಕಿ ಆಗ ಕೆಲವೇ ತಿಂಗಳಾಗಿತ್ತು. ‘ಫ್ರಾಂಕನ್‌ಸ್ಟೈನ್’ ಆಲ್ಬಮ್ಮಿನ ಅತಿ ಉದ್ದದ ಹಾಡು, ಸುಮಾರು ಆರು ನಿಮಿಷ. ಸಣ್ಣ ಊರು, ಹೊರವಲಯ ಬಿಟ್ಟು ದೊಡ್ಡ ನಗರಕ್ಕೆ ಬಂದು, ಅಲ್ಲಿ ತಮ್ಮನ್ನು ಹೊಲಿದು ಹೊಲಿದು ಹೊಸ ಜೀವಿಗಳಾದ ಮಕ್ಕಳ ಕಥೆ ಎಂದು ನಾನು ಅದನ್ನು ಕೇಳಿಸಿಕೊಳ್ಳುತ್ತೇನೆ. ಅದೇ ವರ್ಷ ಎಡ್ಗರ್ ವಿಂಟರ್ ತಂಡದ ಇದೇ ಹೆಸರಿನ ವಾದ್ಯಸಂಗೀತ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು. ಹಾಗಾಗಿ ಕವಚದ ಮೇಲೆ ತಮ್ಮ ಹಾಡಿನ ಹೆಸರಿನ ಪಕ್ಕದಲ್ಲಿ ಇದು ಮೂಲದ್ದು ಎಂದು ಗುರುತು ಹಾಕಿಕೊಂಡರು. ಆ ಸಣ್ಣ ಗುರುತಿನಲ್ಲಿ ಎಂಥ ಸ್ವಾಭಿಮಾನ!

ವಿಮರ್ಶಕರಲ್ಲಿ ಕೇಳಿಸಿಕೊಂಡವರು ಇದ್ದರು. ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಎಲೆನ್ ವಿಲ್ಲಿಸ್ ಆ ವರ್ಷದ ಹಾರ್ಡ್ ರಾಕ್ ಆಲ್ಬಮ್‌ಗಳಲ್ಲೇ ಮನಸ್ಸನ್ನು ಹೆಚ್ಚು ಹಿಡಿದದ್ದು ಇದು ಎಂದು ಬರೆದಳು. ರಾಬರ್ಟ್ ಕ್ರಿಸ್ಟ್‌ಗೌ ಶುರುವಿನಿಂದ ತಂಡದ ಪರ ನಿಂತ. ಲಂಡನ್ನಿನಲ್ಲಿ ನಿಕ್ ಕೆಂಟ್ ಅದೇ ಕೆಲಸ ಮಾಡಿದ. ಆದರೆ ಆ ಕಾಲದ ಅಮೆರಿಕದಲ್ಲಿ ಆಲ್ಬಮ್ ಓಡಬೇಕಾದರೆ ರೇಡಿಯೊದಲ್ಲಿ ಬರಬೇಕಿತ್ತು. ರೇಡಿಯೊದವರು ಬಾಗಿಲು ತೆರೆಯಲಿಲ್ಲ. ಅದನ್ನು ಬಿಟ್ಟು ಊರೂರು ತಿರುಗೋಣವೆಂದರೆ, ನ್ಯೂಯಾರ್ಕಿನ ಮಂಗಳವಾರದ ರಾತ್ರಿಗಳು ಒಳನಾಡಿನ ಪಟ್ಟಣಗಳಲ್ಲಿ ಸಿಗುವಂಥವಲ್ಲ. ಆಲ್ಬಮ್ ಹೊರಬಂದ ಸರಿಯಾಗಿ ಏಳನೇ ದಿನ, ಆಗಸ್ಟ್ 3ರಂದು, ಬ್ರಾಡ್‌ವೇ ಸೆಂಟ್ರಲ್ ಹೋಟೆಲ್ ಕುಸಿದುಬಿತ್ತು. ನಾಲ್ವರು ಸತ್ತರು. ಮರ್ಸರ್ ಆರ್ಟ್ಸ್ ಸೆಂಟರ್ ಕಲ್ಲು ಮಣ್ಣಿನ ರಾಶಿಯಾಯಿತು. ತಂಡವನ್ನು ಬೆಳೆಸಿದ ಒಂದೇ ಒಂದು ಮನೆ ಇಲ್ಲವಾಯಿತು.

ನವೆಂಬರಿನಲ್ಲಿ ಯುರೋಪಿಗೆ ಹೋದರು. ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಕಾದು ನಿಂತಿದ್ದ ಪತ್ರಕರ್ತರ ಎದುರೇ ಥಂಡರ್ಸ್ ವಾಂತಿ ಮಾಡಿಕೊಂಡ. ಸುದ್ದಿ ಆಲ್ಬಮ್ಮಿಗಿಂತ ಬೇಗ ಹರಡಿತು. ಬಿಬಿಸಿಯ ‘ಓಲ್ಡ್ ಗ್ರೇ ವಿಸಲ್ ಟೆಸ್ಟ್’ ಕಾರ್ಯಕ್ರಮದಲ್ಲಿ ‘ಜೆಟ್ ಬಾಯ್’ ಮತ್ತು ‘ಲುಕಿಂಗ್ ಫಾರ್ ಎ ಕಿಸ್’ ಹಾಡಿದರು. ನಿರೂಪಕ ಬಾಬ್ ಹ್ಯಾರಿಸ್ ಹಾಡು ಮುಗಿದ ಕೂಡಲೇ ಇದು ‘ಮಾಕ್ ರಾಕ್’, ರಾಕ್ ಸಂಗೀತದ ಅಣಕ ಎಂದು ನಕ್ಕು ಕೈಬಿಟ್ಟ. ಹ್ಯಾರಿಸ್ ಕೆಟ್ಟ ಮನುಷ್ಯನಲ್ಲ, ಒಳ್ಳೆಯ ಸಂಗೀತ ಬಲ್ಲವನೇ. ಕೌಶಲವೇ ರಾಕ್ ಸಂಗೀತದ ಘನತೆ ಎಂದು ನಂಬಿದ್ದ ತಲೆಮಾರಿನ ಪ್ರತಿನಿಧಿ ಅವನು. ಅದೇ ರಾತ್ರಿ ಮ್ಯಾಂಚೆಸ್ಟರಿನ ಮನೆಯೊಂದರಲ್ಲಿ ಟೀವಿ ಮುಂದೆ ಕೂತಿದ್ದ 14 ವರ್ಷದ ಸ್ಟೀವನ್ ಮೊರ್ರಿಸ್ಸಿಗೆ ಆ ಎರಡು ಹಾಡು ಬದುಕಿನ ದಿಕ್ಕನ್ನೇ ತಿರುಗಿಸಿದವು. ಮುಂದೆ ಡಾಲ್ಸ್ ಅಭಿಮಾನಿ ಸಂಘ ನಡೆಸಿ, ಅವರ ಮೇಲೆ ಪುಟ್ಟ ಪುಸ್ತಕ ಬರೆದು, ಕೊನೆಗೆ ‘ದ ಸ್ಮಿತ್ಸ್’ ತಂಡದ ಗಾಯಕನಾದ.

ಎರಡನೆಯ ಆಲ್ಬಮ್ 1974ರ ಮೇ ತಿಂಗಳಲ್ಲಿ ಬಂತು. ಶಾಂಗ್ರಿ-ಲಾಸ್ ಹಾಡುಗಳನ್ನು ಕಟ್ಟಿದ್ದ ಶ್ಯಾಡೊ ಮಾರ್ಟನ್‌ನೇ ನಿರ್ಮಾಪಕ. ಪಟ್ಟಿಯಲ್ಲಿ 167. ಕುಡಿತ, ಹೆರಾಯಿನ್ ತಂಡವನ್ನು ಒಳಗಿನಿಂದ ತಿನ್ನುತ್ತಿದ್ದವು. 1975ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ ಮಾಲ್ಕಮ್ ಮೆಕ್ಲಾರೆನ್ ಬಂದು ಅವರಿಗೆ ಹೊಳೆಯುವ ಕೆಂಪು ಚರ್ಮದ ಉಡುಪು ತೊಡಿಸಿ, ಹಿಂದೆ ಸುತ್ತಿಗೆ-ಕುಡುಗೋಲಿನ ಬಾವುಟ ಕಟ್ಟಿದ. ಬಣ್ಣ ಬಳಿದ ಗಂಡಸರನ್ನೇ ಸಹಿಸದ ದೇಶಕ್ಕೆ ಈಗ ಕಮ್ಯುನಿಸ್ಟ್ ವೇಷ. ಅದೇ ವರ್ಷ ಥಂಡರ್ಸ್, ನೋಲನ್ ತಂಡ ಬಿಟ್ಟರು. ಮೆಕ್ಲಾರೆನ್ ಸಿಲ್ವೇನ್‌ನ ಬಿಳಿ ಗಿಟಾರ್ ಹಿಡಿದು ಲಂಡನ್ನಿಗೆ ಮರಳಿದ. ಅದು ಸೆಕ್ಸ್ ಪಿಸ್ಟಲ್ಸ್ ತಂಡದ ಸ್ಟೀವ್ ಜೋನ್ಸ್ ಕೈ ಸೇರಿತು. ಡಾಲ್ಸ್ ಕಟ್ಟಿದ ಮನೆಯಲ್ಲಿ ಬೇರೆಯವರು ಸಂಸಾರ ಹೂಡಿದರು. ನ್ಯೂಯಾರ್ಕಿನಲ್ಲೇ ‘ಕಿಸ್’ ತಂಡದವರು ಡಾಲ್ಸ್ ಕಾರ್ಯಕ್ರಮ ನೋಡಿ, ಬಣ್ಣ ಇಟ್ಟುಕೊಂಡು ಹೆಣ್ಣಿನ ಛಾಯೆ ಮಾತ್ರ ತೆಗೆದುಹಾಕಿ ಕೋಟ್ಯಧೀಶರಾದರು. ಜನಕ್ಕೆ ಬಣ್ಣ ಕಂಡರೆ ಸಿಟ್ಟಿರಲಿಲ್ಲ, ಬಣ್ಣದಲ್ಲಿ ಹೆಣ್ಣು ಕಂಡರೆ ಸಿಟ್ಟಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಥಂಡರ್ಸ್ 1991ರಲ್ಲಿ, ನೋಲನ್ 1992ರ ಜನವರಿಯಲ್ಲಿ ತೀರಿಕೊಂಡರು. ಆರ್ಥರ್ ಕೇನ್ ಮಾರ್ಮನ್ ಪಂಥ ಸೇರಿ, ಲಾಸ್ ಏಂಜಲೀಸ್‌ನಲ್ಲಿ ಆ ಚರ್ಚಿನ ವಂಶಾವಳಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ. 2004ರ ಜೂನ್‌ನಲ್ಲಿ ಲಂಡನ್ನಿನ ಮೆಲ್ಟ್‌ಡೌನ್ ಉತ್ಸವದ ಹೊಣೆ ಹೊತ್ತಿದ್ದ ಮೊರ್ರಿಸ್ಸಿ ಉಳಿದ ಮೂವರನ್ನು ಮತ್ತೆ ಕೂಡಿಸಿದ. ಮೂವತ್ತು ವರ್ಷ ಇದೊಂದೇ ಕನಸು ಕಂಡಿದ್ದ ಕೇನ್ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಬಾಸ್ ನುಡಿಸಿ ಊರಿಗೆ ಹೋದ. ಜುಲೈ 13ರಂದು ರಕ್ತದ ಕ್ಯಾನ್ಸರಿನಿಂದ ಸತ್ತ. ಕಾಯಿಲೆ ಇದೆ ಎಂದು ಗೊತ್ತಾದದ್ದೂ ಆ ಹೊತ್ತಿಗೇ. ಗ್ರೆಗ್ ವೈಟ್ಲಿ ಮಾಡಿದ ‘ನ್ಯೂಯಾರ್ಕ್ ಡಾಲ್’ ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ಇದೆ; ರಾಕ್ ಬಗ್ಗೆ ಆಸಕ್ತಿಯಿಲ್ಲದವರೂ ನೋಡಬೇಕಾದ ಚಿತ್ರ. ಜೊಹಾನ್ಸನ್, ಸಿಲ್ವೇನ್ ಹೊಸ ಸಂಗಾತಿಗಳೊಂದಿಗೆ ಮುಂದುವರಿದು ಇನ್ನೂ ಮೂರು ಆಲ್ಬಮ್ ಮಾಡಿದರು. 2009ರ ಆಲ್ಬಮ್ಮಿಗೆ ನಿರ್ಮಾಪಕನಾಗಿ ಅವರು ಕರೆಸಿಕೊಂಡದ್ದು, ಒಮ್ಮೆ ಬೈಸಿಕೊಂಡಿದ್ದ ಅದೇ ಟಾಡ್ ರಂಡ್‌ಗ್ರೆನ್‌ನನ್ನು. ಸಿಲ್ವೇನ್ 2021ರ ಜನವರಿಯಲ್ಲಿ, ಜೊಹಾನ್ಸನ್ 2025ರ ಫೆಬ್ರವರಿ 28ರಂದು ಹೋದರು. ಆ ಸೋಫಾದ ಮೇಲೆ ಕೂತಿದ್ದ ಐವರಲ್ಲಿ ಈಗ ಯಾರೂ ಇಲ್ಲ.

ಹೊಸದಾಗಿ ಕೇಳುವವರು ಆಲ್ಬಮ್ಮಿನ ಕ್ರಮದಲ್ಲೇ ಕೇಳಬೇಕೆಂದಿಲ್ಲ. ‘ಟ್ರ್ಯಾಶ್’ ಹಾಡಿನಿಂದ ಶುರುಮಾಡಿ. ಸುಮಾರು ಮೂರು ನಿಮಿಷದಲ್ಲಿ ತಂಡದ ತುಂಟತನ, ಕೋರಸ್ ಹಾಡುವ ಹುಚ್ಚು, ಎದೆಯ ಬಿಸಿ ಎಲ್ಲ ಸಿಗುತ್ತದೆ. ಆಮೇಲೆ ‘ಲೋನ್ಲಿ ಪ್ಲಾನೆಟ್ ಬಾಯ್’, ಅದರ ಹಿಂದೆಯೇ ‘ಪರ್ಸನಾಲಿಟಿ ಕ್ರೈಸಿಸ್’. ‘ಫ್ರಾಂಕನ್‌ಸ್ಟೈನ್’ ಮೊದಲ ಸಲಕ್ಕೆ ಭಾರವೆನಿಸಬಹುದು, ಅದನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ. ಮನೆಯವರು ಬೈಯದಷ್ಟು, ಆದರೆ ಅದಕ್ಕಿಂತ ಒಂಚೂರೂ ಕಡಿಮೆಯಿಲ್ಲದಷ್ಟು ಜೋರಾಗಿ ಹಾಕಿ.